ಅಪ್ಪನ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಪ್ರೋಟಾನ್ ರೇಡಿಯೇಷನ್: ತೋಟ ಮಾರಿಯಾದರೂ ಕೊಡಿಸಬೇಕಾ?

ಹೊಳಲ್ಕೆರೆ_ತೋಟ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 68 ವರ್ಷ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುತ್ತಾರೆ ಅಂತ ದಾವಣಗೆರೆಯಲ್ಲಿ ತೋರಿಸಿದೆವು. ಪ್ರಾಸ್ಟೇಟ್‌ಗೆ ಮಾಡುವ ಪಿಎಸ್‌ಎ ಅನ್ನೋ ರಕ್ತಪರೀಕ್ಷೆ 11 ಬಂತು. ಆಮೇಲೆ ಎಂಆರ್‌ಐ, ಬಯಾಪ್ಸಿ, ಮೂಳೆ ಸ್ಕ್ಯಾನ್ ಎಲ್ಲ ಆಯ್ತು. ಪ್ರಾಸ್ಟೇಟ್ ಕ್ಯಾನ್ಸರ್, ಗ್ಲೀಸನ್ (ಬಯಾಪ್ಸಿಯಲ್ಲಿ ರೋಗ ಎಷ್ಟು ಜೋರು ಅಂತ ಹೇಳುವ ಅಂಕಿ) 3+4, ಗ್ರಂಥಿ ಬಿಟ್ಟು ಹೊರಗೆ ಹೋಗಿಲ್ಲ ಅಂದರು. ಐಎಂಆರ್‌ಟಿ ಅನ್ನೋ ರೇಡಿಯೇಷನ್ ಕೊಡಿಸಿ, ಜೊತೆಗೆ ಆರು ತಿಂಗಳು ಹಾರ್ಮೋನ್ ಇಂಜೆಕ್ಷನ್ ಹಾಕಿಸಿ ಅನ್ನೋದು ಡಾಕ್ಟರ ಸಲಹೆ.

ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಪ್ರೋಟಾನ್ ಥೆರಪಿಯ ವಿಡಿಯೋ ಕಳಿಸಿದ. ಅಕ್ಕಪಕ್ಕದ ಅಂಗಕ್ಕೆ ಏನೂ ಆಗಲ್ಲವಂತೆ, ಸೈಡ್ ಎಫೆಕ್ಟೇ ಇಲ್ಲವಂತೆ. ಖರ್ಚು ಕೇಳಿದರೆ ತಲೆ ತಿರುಗುತ್ತದೆ. ಅಣ್ಣ ಅಡಿಕೆ ತೋಟದ ಒಂದು ಭಾಗ ಮಾರೋಣ ಅಂತಿದ್ದಾನೆ. ಅಪ್ಪ ಮಾತ್ರ "ತೋಟದ ಸುದ್ದಿಗೆ ಬಂದರೆ ಆಸ್ಪತ್ರೆಗೇ ಬರಲ್ಲ" ಅಂತ ಹಟ ಹಿಡಿದಿದ್ದಾರೆ. ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ದುರ್ಗದ_ಮೇಷ್ಟ್ರು

ನಾನು ಪ್ರೋಟಾನ್ ಮಾಡಿಸಿಕೊಂಡವನು. ಆಸ್ಪತ್ರೆ ಹೆಸರು ಇಲ್ಲಿ ಬೇಡ. ಮಗ ಹೊರದೇಶದಲ್ಲಿ ದುಡಿಯುತ್ತಾನೆ, ಅವನೇ ಹಣ ಹಾಕಿದ. ನನ್ನ ಪಿಂಚಣಿಯಲ್ಲಿ ಆಗುವ ಮಾತಲ್ಲ ಅದು.

ಹೇಗಿರುತ್ತದೆ ಹೇಳುತ್ತೇನೆ. ಮೊದಲು ಪ್ರಾಸ್ಟೇಟ್ ಒಳಗೆ ಅಕ್ಕಿಕಾಳಿಗಿಂತ ಸಣ್ಣ ಚಿನ್ನದ ಬೀಜ ಇಡುತ್ತಾರೆ. ದಿನಾ ಗುರಿ ಸರಿಯಾಗಿದೆಯಾ ಅಂತ ಎಕ್ಸ್‌ರೇಯಲ್ಲಿ ನೋಡೋದಕ್ಕೆ. ನನಗೆ ಪ್ರಾಸ್ಟೇಟ್‌ಗೂ ಗುದನಾಳಕ್ಕೂ ನಡುವೆ ಒಂದು ಜೆಲ್ ಕೂಡ ಹಾಕಿದರು. ಅದು ಎರಡನ್ನೂ ಸ್ವಲ್ಪ ದೂರ ಮಾಡುತ್ತದೆ, ಕೆಲವು ತಿಂಗಳಲ್ಲಿ ತಾನಾಗಿಯೇ ಕರಗುತ್ತದೆ. ಆಮೇಲೆ ಸಿಟಿ ಸ್ಕ್ಯಾನ್ ಮಾಡಿ, ಕಾಲು ಅಲ್ಲಾಡದ ಹಾಗೆ ಒಂದು ಅಚ್ಚು ಮಾಡಿಕೊಂಡರು. ಸೋಮವಾರದಿಂದ ಶುಕ್ರವಾರ ದಿನಾ ಹೋಗಬೇಕು. ಮೇಜಿನ ಮೇಲೆ ಮಲಗಿದರೆ ಹೊಂದಿಸೋದಕ್ಕೇ ಹೆಚ್ಚು ಹೊತ್ತು. ಕಿರಣ ಬಿಡೋದು ಒಂದೆರಡು ನಿಮಿಷ ಅಷ್ಟೇ. ನೋವಿಲ್ಲ, ಬಿಸಿ ಇಲ್ಲ. ಒಂದು ಕಡೆ ಸೊಂಟದಿಂದ, ಆಮೇಲೆ ಇನ್ನೊಂದು ಕಡೆಯಿಂದ. ಸೊಂಟದ ಚರ್ಮ ಅಲ್ಲಿ ಸ್ವಲ್ಪ ಕಪ್ಪಾಗಿತ್ತು.

ಈಗ ಎರಡು ವರ್ಷ ದಾಟಿದೆ. ಪಿಎಸ್‌ಎ ಒಂದಕ್ಕಿಂತ ಕೆಳಗೆ ನಿಂತಿದೆ. ಬೆಳಿಗ್ಗೆ ಚಂದ್ರವಳ್ಳಿ ಕಡೆ ವಾಕಿಂಗ್ ಹೋಗುತ್ತೇನೆ. ನನಗೆ ತೃಪ್ತಿಯಿದೆ. ಆದರೆ "ಸೈಡ್ ಎಫೆಕ್ಟೇ ಇಲ್ಲ" ಅನ್ನೋದು ಸುಳ್ಳು. ಕೊನೆಯ ವಾರಗಳಲ್ಲಿ ಮೂತ್ರಕ್ಕೆ ಅವಸರ, ಉರಿ ಎರಡೂ ಇತ್ತು. ಒಂದು ವರ್ಷದ ಮೇಲೆ ಮಲದಲ್ಲಿ ರಕ್ತ ಕಂಡಿತು. ಕ್ಯಾಮೆರಾ ಹಾಕಿ ನೋಡಿ, ರೇಡಿಯೇಷನ್‌ನಿಂದ ಗುದನಾಳದ ಒಳಪದರ ಕೆಂಪಾಗಿದೆ ಅಂದರು. ಔಷಧಿಯಲ್ಲಿ ಕಡಿಮೆಯಾಯ್ತು.

ಬಾತಿ_ರೇಡಿಯೋ

ನಾನು ದಾವಣಗೆರೆ ಕಡೆಯವನು. ಈಗ ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ರೇಡಿಯೇಷನ್ ಪ್ಲಾನಿಂಗ್ ಕೆಲಸ. ಡಾಕ್ಟರ್ ಅಲ್ಲ, ಮೆಡಿಕಲ್ ಫಿಸಿಸಿಸ್ಟ್. ನಮ್ಮಲ್ಲಿ ಪ್ರೋಟಾನ್ ಇಲ್ಲ, ಹಾಗಾಗಿ ಅದನ್ನು ಮಾರುವ ಅವಸರವೂ ನನಗಿಲ್ಲ. ಐಎಂಆರ್‌ಟಿ ಮಾಡುತ್ತೇವೆ ಅನ್ನೋದನ್ನೂ ಮೊದಲೇ ಹೇಳಿಬಿಡುತ್ತೇನೆ.

ಮಾಮೂಲಿ ರೇಡಿಯೇಷನ್ ಅಂದರೆ, ಐಎಂಆರ್‌ಟಿಯೂ ಸೇರಿ, ಹೆಚ್ಚು ಶಕ್ತಿಯ ಎಕ್ಸ್‌ರೇ. ದಾವಣಗೆರೆಯಿಂದ ದುರ್ಗಕ್ಕೆ ಹೋಗುವ ಷಟಲ್ ಬಸ್ಸು ಆನಗೋಡು, ಭರಮಸಾಗರ ಅಂತ ದಾರಿಯುದ್ದಕ್ಕೂ ಜನರನ್ನು ಇಳಿಸುತ್ತಾ ದುರ್ಗ ದಾಟಿ ಮುಂದಕ್ಕೂ ಹೋಗುತ್ತದಲ್ಲ, ಎಕ್ಸ್‌ರೇ ಹಾಗೆ. ಗಡ್ಡೆಗೆ ಮೊದಲೂ ಡೋಸ್, ಗಡ್ಡೆಯ ಆಚೆಗೂ ಡೋಸ್. ಪ್ರೋಟಾನ್ ಅನ್ನೋ ಕಣದ ಕಿರಣ ನಾನ್‌ಸ್ಟಾಪ್ ಬಸ್ಸು. ದಾರಿಯಲ್ಲಿ ಕಡಿಮೆ ಇಳಿಸಿ, ಕೊನೇ ನಿಲ್ದಾಣದಲ್ಲಿ ಎಲ್ಲರನ್ನೂ ಇಳಿಸಿ ಅಲ್ಲೇ ನಿಲ್ಲುತ್ತದೆ. ಆ ಕೊನೆಯ ಜಾಗಕ್ಕೆ ಬ್ರ್ಯಾಗ್ ಪೀಕ್ ಅಂತಾರೆ. ಇದನ್ನು ಚಿಕಿತ್ಸೆಗೆ ಬಳಸಬಹುದು ಅಂತ 1946ರಲ್ಲೇ ರಾಬರ್ಟ್ ವಿಲ್ಸನ್ ಅನ್ನೋ ಭೌತವಿಜ್ಞಾನಿ ಬರೆದಿದ್ದರು. ಆಸ್ಪತ್ರೆಯೊಳಗೇ ಕಟ್ಟಿದ ಮೊದಲ ಪ್ರೋಟಾನ್ ಕೇಂದ್ರ ಅಮೆರಿಕದ ಲೋಮಾ ಲಿಂಡಾದಲ್ಲಿ 1990ರಲ್ಲಿ ಶುರುವಾಯ್ತು. ನಮ್ಮ ದೇಶದಲ್ಲಿ ಚೆನ್ನೈಯ ಅಪೋಲೋ ಕೇಂದ್ರ 2019ರಲ್ಲಿ ಬಂತು. ನವಿ ಮುಂಬೈನ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರದ್ದು 2023ರಲ್ಲಿ. ನೂರಾರು ಟನ್ ತೂಕದ ಯಂತ್ರ, ದಪ್ಪ ಕಾಂಕ್ರೀಟ್ ಗೋಡೆ. ದುಬಾರಿ ಆಗೋದು ಅದಕ್ಕೇ.

ಇಷ್ಟು ಕೇಳಿದರೆ ಪ್ರೋಟಾನೇ ಬೇಕು ಅನ್ನಿಸುತ್ತದೆ ಅಲ್ವಾ? ಮಕ್ಕಳ ಮೆದುಳಿನ ಗಡ್ಡೆ, ತಲೆಬುರುಡೆಯ ತಳದ ಗಡ್ಡೆ, ಬೆನ್ನುಹುರಿ ಪಕ್ಕದ್ದು, ಇವಕ್ಕೆ ನಿಜವಾಗಿ ಲಾಭ ದೊಡ್ಡದು. ಪ್ರಾಸ್ಟೇಟ್‌ನ ಕಥೆ ಬೇರೆ. ಮೂತ್ರಕೋಶ ಮೇಲೆ ಅಂಟಿಕೊಂಡಿದೆ, ಗುದನಾಳ ಹಿಂದೆ ಅಂಟಿಕೊಂಡಿದೆ, ಮೂತ್ರನಾಳ ಮಧ್ಯದಲ್ಲೇ ಹಾದು ಹೋಗುತ್ತದೆ. ಅಂಟಿಕೊಂಡಿರುವ ಗೋಡೆಗೆ ಯಾವ ಕಿರಣ ಕೊಟ್ಟರೂ ಡೋಸ್ ಬೀಳಲೇಬೇಕು. ತೊಂದರೆ ಕೊಡುವುದೂ ಆ ಗೋಡೆಯೇ. ಪ್ರೋಟಾನ್ ಉಳಿಸೋದು ಅದಕ್ಕಿಂತ ದೂರದ ಜಾಗದ ಸಣ್ಣ ಡೋಸ್. ಎಂಟು ವರ್ಷದ ಮಗುವಿಗೆ ಅದು ಬಹಳ ಮುಖ್ಯ. 68ರ ಹಿರಿಯರಿಗೆ ಅಷ್ಟಲ್ಲ.

ಊಹೆ ಬಿಟ್ಟು ಅಳತೆಗೆ ಬರೋಣ. ಅಮೆರಿಕದಲ್ಲಿ ಪಾರ್ಟಿಕ್ವಾಲ್ ಅನ್ನೋ ಅಧ್ಯಯನ ನಡೆಯಿತು. ರೋಗ ಮರಳುವ ಅಪಾಯ ಕಡಿಮೆ ಅಥವಾ ಮಧ್ಯಮ ಇರುವ 450 ಗಂಡಸರು. ಯಾರಿಗೆ ಪ್ರೋಟಾನ್, ಯಾರಿಗೆ ಐಎಂಆರ್‌ಟಿ ಅನ್ನೋದನ್ನು ಚೀಟಿ ಎತ್ತಿದ ಹಾಗೆ ಹಂಚಿದರು. 2024ರಲ್ಲಿ ಫಲಿತಾಂಶ ಹೇಳಿದರು. ಎರಡು ವರ್ಷದ ಮೇಲೆ ಮಲವಿಸರ್ಜನೆಯ ತೊಂದರೆ ಎರಡೂ ಕಡೆ ಒಂದೇ. ಅದು ಡಾಕ್ಟರ್ ಹೇಳಿದ್ದಲ್ಲ, ರೋಗಿಗಳೇ ತುಂಬಿದ ಉತ್ತರ. ಐದು ವರ್ಷಕ್ಕೆ ರೋಗ ಮರುಕಳಿಸದೆ ಇದ್ದವರು ಎರಡೂ ಕಡೆ ನೂರಕ್ಕೆ 93ರಷ್ಟು. ನಿಮ್ಮ ತಂದೆಯೂ ಮಧ್ಯಮ ಅಪಾಯದ ಗುಂಪಿಗೇ ಬರುತ್ತಾರೆ ಅನ್ನಿಸುತ್ತದೆ.

ಹಾಗಾಗಿ ತೋಟ ಮಾರಬೇಡಿ ಅನ್ನೋದು ನನ್ನ ಅಭಿಪ್ರಾಯ.

ಬೆಣ್ಣೆದೋಸೆ_ಪ್ರಿಯ

ಅಪ್ಪಾಜಿ ತೋಟದ ವಿಷಯದಲ್ಲಿ ಹಟ ಮಾಡಿದ್ದು ಸರಿಯಾಗಿಯೇ ಇದೆ ಅನ್ನಿ.

ಹರಿಹರ_ಹುಡುಗ

ನಮ್ಮಪ್ಪನಿಗೆ ಐಎಂಆರ್‌ಟಿ ಆಯ್ತು. ನಮ್ಮ ಊರ ಕಡೆ ಎಲ್ಲರೂ ಕರೆಂಟ್ ಕೊಡಿಸೋದು ಅಂತಾರೆ, ಅಪ್ಪನಿಗೆ ಮೊದಲು ಅದೇ ಹೆದರಿಕೆ. ಶಾಕ್ ಹೊಡೆಯುತ್ತದಾ ಅಂತ ಟೆಕ್ನಿಷಿಯನ್ ಹತ್ತಿರ ಕೇಳಿದ್ದರು.

ಯಂತ್ರ ಯಾವುದು ಅನ್ನೋದಕ್ಕಿಂತ ನಮಗೆ ದಿನಾ ತಲೆನೋವಾಗಿದ್ದು ಮೂತ್ರಕೋಶ. ಅದು ತುಂಬಿರಬೇಕು, ಗುದನಾಳ ಖಾಲಿಯಿರಬೇಕು. ತುಂಬಿದರೆ ಮೂತ್ರಕೋಶದ ಮೇಲ್ಭಾಗವೂ ಕರುಳೂ ಕಿರಣದ ದಾರಿಯಿಂದ ಮೇಲಕ್ಕೆ ಸರಿಯುತ್ತವೆ. ಸ್ಕ್ಯಾನ್ ದಿನ ಎಷ್ಟು ತುಂಬಿತ್ತೋ ದಿನಾ ಅಷ್ಟೇ ಇರಬೇಕು. ಮೊದಲು ಮೂತ್ರ ಮಾಡಿ, ಅವರು ಹೇಳಿದಷ್ಟು ನೀರು ಕುಡಿದು, ಮುಕ್ಕಾಲು ಗಂಟೆ ಕಾಯಬೇಕು. ನೀರು ಕುಡಿದು ಕೂತ ಮೇಲೆ "ಮೆಷೀನ್ ಸ್ವಲ್ಪ ತಡ, ಹಿಂದಿನ ಪೇಷಂಟ್ ಇನ್ನೂ ಮುಗಿದಿಲ್ಲ" ಅಂತಾರೆ. ಆಗ 70 ವರ್ಷದವರ ಮುಖ ನೋಡಬೇಕು ನೀವು. ಒಂದು ದಿನ ಅಪ್ಪ ತಡೆಯಲಾಗದೆ ಹೋಗಿ ಬಂದರು, ಮತ್ತೆ ಮೊದಲಿನಿಂದ ನೀರು. ಸಾಲಿನಲ್ಲಿ ಕೂತ ಎಲ್ಲ ಹಿರಿಯರದ್ದೂ ಇದೇ ಮಾತು, "ನಿಮ್ಮದು ಎಷ್ಟು ಲೋಟ ಆಯ್ತು?" ಅದರಲ್ಲೇ ಸ್ನೇಹವೂ ಬೆಳೆದುಬಿಟ್ಟಿತು.

ಗ್ಯಾಸ್ ಇನ್ನೊಂದು ತೊಂದರೆ. ಗುದನಾಳದಲ್ಲಿ ಗಾಳಿ ಇದ್ದರೆ ಪ್ರಾಸ್ಟೇಟ್ ಜಾಗ ಬಿಟ್ಟು ಮುಂದಕ್ಕೆ ಸರಿಯುತ್ತದೆ. ಸ್ಕ್ಯಾನ್‌ನಲ್ಲಿ ಕಂಡರೆ ಮೇಜಿನಿಂದ ಇಳಿಸಿ ಕಳಿಸುತ್ತಾರೆ. ಅವರೆಕಾಳು ಸಾರು, ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ಎಲ್ಲ ಅಷ್ಟು ದಿನ ಬಂದ್. ದಾವಣಗೆರೆಯವರಿಗೆ ಕ್ಯಾನ್ಸರ್‌ಗಿಂತ ಅದೇ ದೊಡ್ಡ ಶಿಕ್ಷೆ.

ಬಾತಿ_ರೇಡಿಯೋ

ಹರಿಹರದವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಪ್ರೋಟಾನ್‌ಗೂ ಇದೇ ಕಟ್ಟುನಿಟ್ಟು, ಇನ್ನೂ ಸ್ವಲ್ಪ ಜಾಸ್ತಿಯೇ. ಅದು ಎಲ್ಲಿ ನಿಲ್ಲಬೇಕು ಅನ್ನೋದು ದಾರಿಯಲ್ಲಿ ಏನಿದೆ ಅನ್ನೋದರ ಮೇಲೆ ನಿಂತಿದೆ. ಮೇಷ್ಟ್ರಿಗೆ ಸೊಂಟದ ಎರಡೂ ಪಕ್ಕದಿಂದ ಕೊಟ್ಟಿದ್ದಾರಲ್ಲ, ಅದು ಅದಕ್ಕೇ. ಮೂತ್ರಕೋಶ, ಗುದನಾಳದ ದಿನದಿನದ ಬದಲಾವಣೆ ಆ ದಾರಿಗೆ ಕಡಿಮೆ ಅಡ್ಡ ಬರುತ್ತದೆ. ಸೊಂಟದ ಕೀಲು ಬದಲಾಯಿಸಿಕೊಂಡು ಲೋಹ ಹಾಕಿಸಿಕೊಂಡವರಿಗೆ ಆ ದಾರಿ ಕಷ್ಟ.

ದುರ್ಗದ_ಮೇಷ್ಟ್ರು

ಫಿಸಿಸಿಸ್ಟ್ ಸ್ವಾಮಿ, ನಿಮ್ಮ ಲೆಕ್ಕ ಒಪ್ಪುತ್ತೇನೆ. ಒಂದು ಮಾತು ಒಪ್ಪಲ್ಲ. ಅಧ್ಯಯನದಲ್ಲಿ ಇದ್ದವರೆಲ್ಲ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಒಳ್ಳೆಯ ಐಎಂಆರ್‌ಟಿ ಪಡೆದವರು. ಇಲ್ಲಿ ಎಲ್ಲ ಕಡೆ ಅಷ್ಟೇ ಚೆನ್ನಾಗಿ ಸಿಗುತ್ತದಾ? ದಿನಾ ಸ್ಕ್ಯಾನ್ ನೋಡಿ ಹೊಂದಿಸುತ್ತಾರಾ?

ಬಾತಿ_ರೇಡಿಯೋ

ಮೇಷ್ಟ್ರೇ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. ಎಲ್ಲ ಕಡೆ ಒಂದೇ ಥರ ಇರಲ್ಲ. ಅದಕ್ಕೆ ಪರಿಹಾರ ಒಳ್ಳೆಯ ಐಎಂಆರ್‌ಟಿ ಹುಡುಕೋದು. ಮೊದಲ ಭೇಟಿಯಲ್ಲೇ ಕೇಳಿ: ದಿನಾ ಕಿರಣ ಬಿಡುವ ಮುಂಚೆ ಯಂತ್ರದ ಮೇಲೆಯೇ ಸ್ಕ್ಯಾನ್ ತೆಗೆಯುತ್ತೀರಾ? ಅದಕ್ಕೆ ಐಜಿಆರ್‌ಟಿ ಅಂತಾರೆ. ವರ್ಷಕ್ಕೆ ಎಷ್ಟು ಪ್ರಾಸ್ಟೇಟ್ ಕೇಸ್ ಮಾಡುತ್ತೀರಿ? ಒಟ್ಟು ಎಷ್ಟು ಸಿಟ್ಟಿಂಗ್? ಈ ಮೂರನೆಯದಕ್ಕೆ ಏಳೆಂಟು ವಾರ ಅಂದರೆ ಯಾಕೆ ಅಂತ ಕೇಳಿ. ಬ್ರಿಟನ್ನಿನವರು 3,200ಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ 37 ಸಿಟ್ಟಿಂಗ್‌ಗೆ ಹೋಲಿಸಿದರೆ 20 ಸಿಟ್ಟಿಂಗ್ ಮಾಡಿದವರಲ್ಲಿ ರೋಗ ಹಿಡಿತಕ್ಕೆ ಕೊರತೆ ಕಾಣಲಿಲ್ಲ. 2016ರಲ್ಲೇ ಬಂದ ಫಲಿತಾಂಶ ಅದು. ಹಳ್ಳಿಯಿಂದ ಬರುವವರಿಗೆ ನಾಲ್ಕು ವಾರದಲ್ಲಿ ಮುಗಿಯೋದು ಅಂದರೆ ಎಷ್ಟು ವ್ಯತ್ಯಾಸ ಅಲ್ವಾ?

ಎಸ್‌ಬಿಆರ್‌ಟಿ ಅಂತ ಇನ್ನೊಂದಿದೆ. ಒಂದೊಂದು ಸಲಕ್ಕೆ ಹೆಚ್ಚು ಡೋಸ್ ಕೊಟ್ಟು ಐದೇ ಸಿಟ್ಟಿಂಗ್‌ನಲ್ಲಿ ಮುಗಿಸೋದು. 2024ರಲ್ಲಿ ಪೇಸ್-ಬಿ ಅಧ್ಯಯನದ ಐದು ವರ್ಷದ ಫಲಿತಾಂಶ ಬಂತು, ರೋಗ ಹಿಡಿತದಲ್ಲಿ ಮಾಮೂಲಿಗೆ ಸಮ. ಮೂತ್ರದ ತೊಂದರೆ ಮಾತ್ರ ಸ್ವಲ್ಪ ಜಾಸ್ತಿ ಕಂಡಿತು. ಈಗಾಗಲೇ ಮೂತ್ರ ಕಟ್ಟಿಕೊಳ್ಳುವವರಿಗೆ, ಗ್ರಂಥಿ ತುಂಬ ದೊಡ್ಡದಾಗಿರುವವರಿಗೆ ಡಾಕ್ಟರ್ ಬೇಡ ಅನ್ನಬಹುದು. ಕೇಳಿ ನೋಡಿ.

ಪಿಜೆ_ಬಡಾವಣೆ_ಅಮ್ಮ

ಗಂಡಸರೆಲ್ಲ ಯಂತ್ರದ ಬಗ್ಗೆಯೇ ಮಾತಾಡುತ್ತಿದ್ದೀರಿ. ಹಾರ್ಮೋನ್ ಇಂಜೆಕ್ಷನ್ ಬಗ್ಗೆ ಯಾರೂ ಬಾಯಿ ಬಿಡಲ್ಲ. ನಮ್ಮ ಯಜಮಾನರಿಗೆ ಹಾಕಿಸಿದ್ದೆವು. ರೇಡಿಯೇಷನ್‌ಗಿಂತ ನಮ್ಮ ಮನೆಯಲ್ಲಿ ಕಷ್ಟ ಕೊಟ್ಟಿದ್ದು ಅದು.

ಗಂಡಸಿನ ಹಾರ್ಮೋನ್ ನಿಲ್ಲಿಸಿಬಿಡುತ್ತದೆ. ನಮಗೆ ಮುಟ್ಟು ನಿಲ್ಲುವಾಗ ಆಗುತ್ತದಲ್ಲ, ಅದೆಲ್ಲ ಅವರಿಗೆ ಆಗುತ್ತದೆ. ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬಿಸಿ, ಬೆವರು. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಅದು ಬೇರೆ. ಸಿಡುಕು, ಸುಸ್ತು, ಹೊಟ್ಟೆ ಸುತ್ತ ಬೊಜ್ಜು. ನಿದ್ದೆ ಸರಿ ಇಲ್ಲ. ಒಂದು ದಿನ ಟಿವಿ ಧಾರಾವಾಹಿ ನೋಡುತ್ತಾ ಅತ್ತುಬಿಟ್ಟರು. ನಲವತ್ತು ವರ್ಷದ ಸಂಸಾರದಲ್ಲಿ ನಾನು ಅದನ್ನು ನೋಡಿರಲಿಲ್ಲ. ಗಂಡ ಹೆಂಡತಿ ಸಂಬಂಧವೂ ಆಗ ಇಲ್ಲವೇ ಇಲ್ಲ. ಇದನ್ನು ಮೊದಲೇ ಇಬ್ಬರನ್ನೂ ಕೂರಿಸಿ ಹೇಳಬೇಕು. ಹೇಳದಿದ್ದರೆ ಅವರು ನನಗೇನೋ ಆಗಿದೆ ಅಂತ ಒಳಗೊಳಗೇ ಕೊರಗುತ್ತಾರೆ, ಹೆಂಡತಿ ನನ್ನ ಮೇಲೆ ಸಿಟ್ಟು ಅಂದುಕೊಳ್ಳುತ್ತಾಳೆ.

ಮೂಳೆ ಸವೆಯುತ್ತದೆ ಅಂತ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟರು. ನಡೆದಾಡೋದು ಬಿಡಬೇಡಿ ಅಂದರು. ಆರು ತಿಂಗಳ ಕೋರ್ಸ್ ಮುಗಿದ ಮೇಲೆ ನಿಧಾನವಾಗಿ ಮೊದಲಿನ ಹಾಗೆ ಆದರು. ನಿಧಾನ ಅಂದರೆ ನಿಧಾನವೇ. ಹೊಳಲ್ಕೆರೆಯವರೇ, ನಿಮ್ಮ ಅಮ್ಮನಿಗೆ ಈ ವಿಷಯ ಗೊತ್ತಾ?

ಹೊಳಲ್ಕೆರೆ_ತೋಟ

ಗೊತ್ತಿಲ್ಲ ಅಮ್ಮ. ಡಾಕ್ಟರ್ ಹೇಳುವಾಗ ಅಮ್ಮ ಹೊರಗೆ ಕೂತಿದ್ದರು. ಈ ಸಲ ಒಳಗೆ ಕರೆದುಕೊಂಡು ಹೋಗುತ್ತೇನೆ. ಪ್ರೋಟಾನ್ ಆದರೆ ಈ ಇಂಜೆಕ್ಷನ್ ಬೇಡವಾಗುತ್ತದಾ?

ಬಾತಿ_ರೇಡಿಯೋ

ಇಲ್ಲ. ಇಂಜೆಕ್ಷನ್ ಬೇಕಾ ಬೇಡವಾ ಅನ್ನೋದು ರೋಗದ ಅಪಾಯ ನೋಡಿ ತೀರ್ಮಾನ ಮಾಡೋದು. ಯಾವ ಕಿರಣ ಅನ್ನೋದರ ಮೇಲೆ ಅಲ್ಲ. ಪಿಎಸ್‌ಎ 10 ದಾಟಿದೆ, ಗ್ಲೀಸನ್ 7 ಇದೆ, ಎರಡು ಕಾರಣ ಸೇರಿದ್ದರಿಂದ ಹೇಳಿರಬೇಕು.

ಚಳ್ಳಕೆರೆ_ಶೇಂಗಾ

ನಮ್ಮ ಮಾವನಿಗೆ ಬೆನ್ನುಮೂಳೆಗೆ ಹರಡಿದೆ. ಪ್ರೋಟಾನ್ ಕೊಡಿಸಿದರೆ ವಾಸಿಯಾಗುತ್ತದಾ? ಒಬ್ಬರು ಫೋನ್ ಮಾಡಿ ಬನ್ನಿ ಬನ್ನಿ ಅಂತಿದ್ದಾರೆ.

ಬಾತಿ_ರೇಡಿಯೋ

ಬೇಡ. ಮೂಳೆಗೆ ಹೋದ ಮೇಲೆ ಮುಖ್ಯ ಚಿಕಿತ್ಸೆ ಹಾರ್ಮೋನ್ ತಡೆಯೋದು. ಇಂಜೆಕ್ಷನ್‌ನಿಂದಲೂ ಆಗುತ್ತದೆ, ವೃಷಣ ತೆಗೆಯುವ ಸಣ್ಣ ಆಪರೇಷನ್‌ನಿಂದಲೂ ಆಗುತ್ತದೆ, ಜೊತೆಗೆ ಈಗ ಬೇರೆ ಮಾತ್ರೆಗಳೂ ಇವೆ. ಹರಡಿದ್ದು ಸ್ವಲ್ಪವೇ ಇದ್ದರೆ ಪ್ರಾಸ್ಟೇಟ್‌ಗೆ ರೇಡಿಯೇಷನ್ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ ಅಂತ 2018ರಲ್ಲಿ ಸ್ಟ್ಯಾಂಪೀಡ್ ಅಧ್ಯಯನ ತೋರಿಸಿತು. ಅದಕ್ಕೂ ಮಾಮೂಲಿ ರೇಡಿಯೇಷನ್ ಸಾಕು. ಒಂದು ಮಾತ್ರ ನೆನಪಿರಲಿ: ಕಾಲಿಗೆ ಶಕ್ತಿ ಕಡಿಮೆಯಾದರೆ, ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಓಡಿ. ಬೆನ್ನುಹುರಿ ಒತ್ತಿಕೊಂಡಿರಬಹುದು. ನಾಳೆ ನೋಡೋಣ ಅನ್ನುವ ವಿಷಯ ಅಲ್ಲ.

ಜಗಳೂರು_ಜೋಳ

ಫೋನ್ ಮಾಡುವವರ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನಮಗೂ ಒಬ್ಬ ಏಜೆಂಟ್ ಗಂಟು ಬಿದ್ದಿದ್ದ. ರಿಪೋರ್ಟ್ ನೋಡದೆಯೇ "ಪ್ರೋಟಾನ್ ಸ್ಲಾಟ್ ಇದೆ, ಈ ವಾರ ಅಡ್ವಾನ್ಸ್ ಕಟ್ಟಿ" ಅನ್ನುತ್ತಿದ್ದ. ಹರಡಿದೆಯೋ ಇಲ್ಲವೋ ಅಂತಲೂ ಕೇಳಲಿಲ್ಲ. ಗ್ರಂಥಿಯೊಳಗೇ ಇರುವ ಪ್ರಾಸ್ಟೇಟ್ ಕ್ಯಾನ್ಸರ್ ಸಾಮಾನ್ಯವಾಗಿ ನಿಧಾನದ್ದು, ಒಂದೆರಡು ವಾರ ಯೋಚನೆ ಮಾಡಿದರೆ ಏನೂ ಮುಳುಗಿಹೋಗಲ್ಲ ಅಂತ ನಮ್ಮ ಡಾಕ್ಟರೇ ಹೇಳಿದರು. ಅವಸರ ಮಾಡುವವರಿಂದ ದೂರ ಇರಿ.

ಹಣದ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ 1.5 ಲಕ್ಷದ ಮಿತಿ. ಮೊದಲು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ರೆಫರಲ್ ಪತ್ರ ಮಾಡಿಸಿ. ದುರ್ಗದವರು ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ. ಚಿಕಿತ್ಸೆ ಶುರುವಾದ ಮೇಲೆ ಪತ್ರ ತರುತ್ತೇವೆ ಅಂದರೆ ಕಷ್ಟ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸಾಲು ಉದ್ದ, ಆದರೆ ಖರ್ಚು ಕಡಿಮೆ.

ಆಯುರ್_ಮಿತ್ರ

ಹಿರಿಯೂರು ಕಡೆ ಒಬ್ಬರು ಬೇರಿನ ಪುಡಿ ಕೊಡುತ್ತಾರೆ. ಮೂರು ತಿಂಗಳಲ್ಲಿ ಪಿಎಸ್‌ಎ ಇಳಿಯುತ್ತದೆ. ನಂಬರ್ ಬೇಕಾದರೆ ಮೆಸೇಜ್ ಮಾಡಿ.

ಪಿಜೆ_ಬಡಾವಣೆ_ಅಮ್ಮ

ಬೇಡಪ್ಪ. ಆ ಪುಡಿಯಲ್ಲಿ ಏನಿದೆ ಅಂತ ಕೊಡುವವರಿಗೇ ಗೊತ್ತಿರಲ್ಲ. ನಮ್ಮ ಪಕ್ಕದ ಮನೆಯವರು ಇಂಥದ್ದನ್ನೇ ತಿಂದು ಕಿಡ್ನಿ ಡಾಕ್ಟರ್ ಹತ್ತಿರ ಹೋದರು.

ದುರ್ಗದ_ಮೇಷ್ಟ್ರು

ಪಿಎಸ್‌ಎ ಮಾತು ಬಂತಲ್ಲ, ಇದೂ ಹೇಳಿಬಿಡುತ್ತೇನೆ. ಆಪರೇಷನ್ ಮಾಡಿದರೆ ಪಿಎಸ್‌ಎ ಬೇಗ ಸೊನ್ನೆ ಹತ್ತಿರ ಹೋಗುತ್ತದೆ. ರೇಡಿಯೇಷನ್‌ನಲ್ಲಿ ಹಾಗಲ್ಲ. ಒಂದೂವರೆ ಎರಡು ವರ್ಷ ನಿಧಾನಕ್ಕೆ ಇಳಿಯುತ್ತದೆ, ಮಧ್ಯೆ ಒಮ್ಮೆ ಸ್ವಲ್ಪ ಏರಿ ಮತ್ತೆ ಇಳಿಯಬಹುದು. ನನಗೂ ಹಾಗೆ ಏರಿತ್ತು. ಅವತ್ತು ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ತೀರಾ ಕೆಳಗೆ ಇಳಿದ ಅಂಕಿಗಿಂತ 2 ಹೆಚ್ಚಾದರೆ ಮಾತ್ರ ರೋಗ ಮರಳಿದೆ ಅಂತ ಲೆಕ್ಕ ಅಂದರು ಡಾಕ್ಟರ್. ಈಗ ಲ್ಯಾಬ್ ರಿಪೋರ್ಟ್ ನಾನೇ ಬಿಡಿಸಿ ನೋಡೋದು ಬಿಟ್ಟಿದ್ದೇನೆ, ಸೊಸೆ ನೋಡಿ ಹೇಳುತ್ತಾಳೆ.

ಬೆಣ್ಣೆದೋಸೆ_ಪ್ರಿಯ

ಆಪರೇಷನ್ ಬಗ್ಗೆ ಯಾರೂ ಹೇಳಲಿಲ್ಲ? ರೋಬೋಟ್ ಆಪರೇಷನ್ ಈಗ ಬೆಂಗಳೂರಿನಲ್ಲಿ ಇದೆಯಲ್ಲ.

ಬಾತಿ_ರೇಡಿಯೋ

ಇದೆ. ಅದೂ ಸರಿಯಾದ ದಾರಿಯೇ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ 1,643 ಜನರನ್ನು ಮೂರು ಗುಂಪು ಮಾಡಿದರು. ಆಪರೇಷನ್, ರೇಡಿಯೇಷನ್, ಸುಮ್ನೆ ಗಮನಿಸುತ್ತಾ ಇರೋದು. 2023ರಲ್ಲಿ ಬಂದ ಫಲಿತಾಂಶ: 15 ವರ್ಷ ಆದ ಮೇಲೂ ಈ ಕ್ಯಾನ್ಸರ್‌ನಿಂದಲೇ ಸತ್ತವರು ಮೂರೂ ಗುಂಪಿನಲ್ಲಿ ನೂರಕ್ಕೆ ಮೂರರ ಆಸುಪಾಸು. ಬಹಳಷ್ಟು ಜನ ಕಡಿಮೆ ಅಪಾಯದವರು ಅನ್ನೋದನ್ನು ಮರೆಯಬಾರದು. ತೊಂದರೆಗಳು ಮಾತ್ರ ಬೇರೆ ಬೇರೆ. ಆಪರೇಷನ್ ಆದವರಿಗೆ ಮೂತ್ರ ಸೋರಿ ಪ್ಯಾಡ್ ಹಾಕೋದು ಜಾಸ್ತಿ, ರೇಡಿಯೇಷನ್‌ನಲ್ಲಿ ಮಲದ ತೊಂದರೆ ಜಾಸ್ತಿ. ನಿಮ್ಮ ತಂದೆಗೆ ಯಾವುದನ್ನು ಸಹಿಸೋದು ಸುಲಭ ಅನ್ನೋದನ್ನು ಅವರನ್ನೇ ಕೇಳಿ. ಯುರಾಲಜಿಸ್ಟ್ ಹತ್ತಿರ ಹೋದರೆ ಆಪರೇಷನ್, ನಮ್ಮ ಕಡೆ ಬಂದರೆ ರೇಡಿಯೇಷನ್ ಅಂತ ಹೇಳೋದು ಸಹಜ. ಅದಕ್ಕೇ ಇಬ್ಬರನ್ನೂ ನೋಡಬೇಕು.

ಹೊಳಲ್ಕೆರೆ_ತೋಟ

ನಿನ್ನೆ ರಾತ್ರಿ ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಮಂಡಕ್ಕಿ ಬಂದ್ ಅನ್ನೋದು ಕೇಳಿ ಮೊದಲ ಸಲ ನಕ್ಕರು. ಪ್ಯಾಡ್ ಹಾಕಿಕೊಂಡು ತೋಟಕ್ಕೆ ಹೋಗೋದು ಆಗಲ್ಲ, ರೇಡಿಯೇಷನ್ನೇ ಇರಲಿ ಅಂದರು. ಅಣ್ಣನಿಗೂ ಪ್ರೋಟಾನ್ ಬೇಡ ಅಂತ ಹೇಳಿದೆ. ಅವನು ಇನ್ನೂ ಪೂರ್ತಿ ಒಪ್ಪಿಲ್ಲ. ನಾಳೆ ಏನಾದರೂ ಆದರೆ ತೋಟ ಇಟ್ಟುಕೊಂಡಿದ್ದಕ್ಕೇ ಹೀಗಾಯ್ತು ಅಂತಾರೆ ಜನ ಅನ್ನುತ್ತಾನೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ದಾವಣಗೆರೆಯಲ್ಲಿ ತೋರಿಸಿದ್ದಾಯ್ತು, ಬೆಂಗಳೂರಿನಲ್ಲಿ ಇನ್ನೊಂದು ಅಭಿಪ್ರಾಯ ಕೇಳೋಣ ಅಂತಿದ್ದೇವೆ. 20 ಸಿಟ್ಟಿಂಗ್ ಆಗುತ್ತದಾ ಅಂತ ಕೇಳುತ್ತೇನೆ. ಹೋಗುವಾಗ ಏನೇನು ಒಯ್ಯಬೇಕು? ಅಪ್ಪನಿಗೆ ದೂರದ ಪ್ರಯಾಣದಲ್ಲಿ ಮೂತ್ರದ್ದೇ ಚಿಂತೆ.

ದುರ್ಗದ_ಮೇಷ್ಟ್ರು

ನಿಮ್ಮ ಅಣ್ಣನ ಜೊತೆ ನಾನು ಮಾತಾಡಲಾ? ಪ್ರೋಟಾನ್ ಮಾಡಿಸಿಕೊಂಡವನೇ ಬೇಡ ಅಂದರೆ ಕೇಳಬಹುದು. ನನ್ನ ಮಗನಿಗೆ ಹಣ ಇತ್ತು, ಹಾಕಿದ. ಇರದಿದ್ದರೆ ನಾನೂ ಐಎಂಆರ್‌ಟಿಗೇ ಹೋಗುತ್ತಿದ್ದೆ. ಮೆಸೇಜ್ ಮಾಡಿ.

ಹರಿಹರ_ಹುಡುಗ

ಬಸ್ಸು ಬೇಡ, ರೈಲಿಗೆ ಹೋಗಿ, ಟಾಯ್ಲೆಟ್ ಬೋಗಿಯಲ್ಲೇ ಸಿಗುತ್ತದೆ. ದಾವಣಗೆರೆಯಲ್ಲಿ ವಂದೇ ಭಾರತ್ ನಿಲ್ಲುತ್ತದೆ. ಓಡಾಡುವ ದಾರಿ ಪಕ್ಕದ ಸೀಟ್ ಕೇಳಿ, ಕಿಟಕಿ ಬೇಡ. ರಿಪೋರ್ಟ್ ಹಾಳೆ ಮಾತ್ರ ಸಾಲದು. ಎಂಆರ್‌ಐ ಸಿಡಿ ಬೇಕು. ಬಯಾಪ್ಸಿಯ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಲ್ಯಾಬಿನಿಂದ ಬರೆದುಕೊಟ್ಟು ಈಸಿಕೊಳ್ಳಿ, ಅಲ್ಲಿಯವರು ಮತ್ತೆ ನೋಡುತ್ತಾರೆ. ಹಳೆಯ ಪಿಎಸ್‌ಎ ರಿಪೋರ್ಟ್ ಎಲ್ಲ ತಾರೀಕು ಪ್ರಕಾರ ಜೋಡಿಸಿ. ತಂದೆಯವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿಯನ್ನು ಎಲ್ಲದರ ಮೇಲೆ ಇಡಿ, ಚಿನ್ನದ ಬೀಜ ಹಾಕುವ ಮುಂಚೆ ಮೊದಲು ಕೇಳೋದು ಅದನ್ನೇ.